ಅಜ್ಜಿಯ ಎಡಗಿವಿ

ತಿ. ನರಸೀಪುರ
೧೪ ಡಿಸೆಂಬರ್ ೨೦೨೫, ಭಾನುವಾರ

ಪ್ರೀತಿಯ ಮಗಳು ವನಿತಾಗೆ,

ನಿನ್ನ ಮಾವ ಬರೆಯುತ್ತಿದ್ದೇನೆ. ಹೇಗಿದ್ದೀಯಮ್ಮ? ಹೋದ ತಿಂಗಳು ಹಿಡಿದ ಕೆಮ್ಮು ಬಿಟ್ಟಿತೇ? ಪ್ರೇಮ್‌ಕುಮಾರ್ ಕೇಳಿದಾಗಲೆಲ್ಲ ‘ಏನಿಲ್ಲ, ಚೆನ್ನಾಗಿದ್ದೀನಿ’ ಎನ್ನುತ್ತೀಯಂತೆ. ಗಂಡನಿಗೆ ಹಾಗೆ ಹೇಳಿದರೆ ನಡೆಯುತ್ತದೆ, ನನಗೆ ಇದ್ದದ್ದು ಇದ್ದ ಹಾಗೆ ಬರಿ. ಯಾದಗಿರಿ ಕಡೆ ನೀರು ಗಡಸು ಎಂದು ಯಾರೋ ಹೇಳಿದರು, ಕಾಯಿಸಿ ಆರಿಸಿ ಕುಡಿ. ನಿನ್ನ ಶಾಲೆಯ ಮಕ್ಕಳು ಮೊದಮೊದಲು ನಮ್ಮ ನರಸೀಪುರದ ಮಾತು ಕೇಳಿ ನಗುತ್ತಿದ್ದರಲ್ಲ, ಈಗ ಅವರು ನಿನಗೆ ಒಗ್ಗಿದರೋ, ಇಲ್ಲ ಟೀಚರಮ್ಮನೇ ಅವರ ಹಾಗೆ ಮಾತಾಡಲು ಕಲಿತಳೋ?

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಗಂಡ ಬೆಳಗಿನ ಪಾಳಿ ಮುಗಿಸಿ ನಂಜನಗೂಡಿನ ಫ್ಯಾಕ್ಟರಿಯಿಂದ ಬಂದವನೇ ಅಡುಗೆಮನೆಗೆ ನುಗ್ಗುತ್ತಾನೆ. ಬಸ್ಸಾರು ಮಾಡುವುದನ್ನು ಕಲಿತಿದ್ದಾನೆ. ಒಂದು ದಿನ ಉಪ್ಪಿರುತ್ತದೆ, ಒಂದು ದಿನ ಇರುವುದಿಲ್ಲ. ಎರಡು ದಿನವೂ ‘ಎಂಗದೆ?’ ಎಂದು ಕೇಳುತ್ತಾನೆ, ಎರಡು ದಿನವೂ ‘ಚೆಂದಾಗದೆ’ ಎಂದು ಉಣ್ಣುತ್ತೇವೆ. ನಿನ್ನ ಮಗಳು ಸಂಘಮಿತ್ರಾ ಎತ್ತರವಾಗಿದ್ದಾಳೆ. ಜೂನ್ ತಿಂಗಳಲ್ಲಿ ನೀನು ಹೊಲಿಸಿಕೊಟ್ಟು ಹೋದ ಯೂನಿಫಾರಂನ ಮಡಿಕೆ ಬಿಚ್ಚಿಸಬೇಕಾಯಿತು. ಒಂಬತ್ತನೇ ಕ್ಲಾಸಿಗೇ ಅವರಪ್ಪನ ಭುಜಕ್ಕೆ ಬಂದಿದ್ದಾಳೆ ನೋಡು.

ಫೋನಿರುವಾಗ ಈ ಮುದುಕನಿಗೆ ಕಾಗದ ಬರೆಯುವ ಚಪಲ ಯಾಕೆ ಎನ್ನುತ್ತೀಯ. ನಮ್ಮ ಮನೆಯ ಫೋನು ನಿನಗೆ ಗೊತ್ತಿಲ್ಲದ್ದೇ? ಸಂಜೆ ನೀನು ಮಾಡಿದ ಕೂಡಲೇ ಒಬ್ಬರ ಕೈಯಿಂದ ಒಬ್ಬರಿಗೆ ಹಾರುತ್ತದೆ. ನನ್ನ ಸರದಿ ಬಂದು ‘ಊಟ ಆಯ್ತಾ ಮಗಾ’ ಎನ್ನುವಷ್ಟರಲ್ಲಿ ಇನ್ನೊಬ್ಬರು ಕಿತ್ತುಕೊಂಡಿರುತ್ತಾರೆ. ಮಾವನಾದವನು ಸೊಸೆಗೆ ನಿಧಾನವಾಗಿ ಕೂತು ಹೇಳಬೇಕಾದ ಮಾತು ಅದರಲ್ಲಿ ಆಗುವುದಿಲ್ಲ. ಅದಕ್ಕೇ ಮಿತ್ರಾಳ ಹತ್ತಿರ ಗೆರೆ ಹಾಳೆ ಇಸಿದುಕೊಂಡು ಕೂತಿದ್ದೇನೆ. ಜೀವಮಾನವೆಲ್ಲ ಸರ್ಕಾರಿ ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಕೈ, ಅಕ್ಷರ ಅಲ್ಲಲ್ಲಿ ಗುಂಡಿ ಬಿದ್ದ ರಸ್ತೆಯ ಹಾಗೆ ಕುಲುಕಿದರೆ ಸುಧಾರಿಸಿಕೋ.

ಮಿತ್ರಾಳ ವಿಜ್ಞಾನ ಪ್ರಾಜೆಕ್ಟಿನ ವಿಷಯ ನಿನಗೆ ಅರ್ಧ ಗೊತ್ತು. ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ಸುತ್ತಮುತ್ತಲ ಶಾಲೆಗಳಿಗೆಲ್ಲ ಸೇರಿಸಿ ವಿಜ್ಞಾನ ಪ್ರದರ್ಶನ ಇಟ್ಟಿದ್ದರು. ಶಬ್ದದ ಪಾಠ ಆಗಿತ್ತಲ್ಲ, ಇವಳು ‘ವಯಸ್ಸಾದ ಹಾಗೆ ಕಿವಿ ಮಂದವಾಗುತ್ತದೆಯೇ?’ ಎಂಬ ಪ್ರಶ್ನೆ ಹಿಡಿದಳು. ಸಾಮಾನು ಬಹಳವೇನಿಲ್ಲ. ಟಿಕ್ ಟಿಕ್ ಎನ್ನುವ ಟೇಬಲ್ ಗಡಿಯಾರ, ಟೈಲರ್ ಅಂಗಡಿಯಿಂದ ತಂದ ಅಳತೆ ಟೇಪು, ಒಂದಿಷ್ಟು ಹತ್ತಿ. ಹಿಂದಿನ ಕೋಣೆಯ ಕಿಟಕಿ ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಒಬ್ಬರನ್ನು ಕುರ್ಚಿಯಲ್ಲಿ ಕೂರಿಸುತ್ತಾಳೆ. ಕಣ್ಣು ಮುಚ್ಚಬೇಕು. ಒಂದು ಕಿವಿಗೆ ಹತ್ತಿ. ಗಡಿಯಾರವನ್ನು ದೂರದಿಂದ ಮೆಲ್ಲಗೆ ಹತ್ತಿರ ತರುತ್ತಾಳೆ. ಕೇಳಿಸಿದ ಕೂಡಲೇ ಕೈ ಎತ್ತಬೇಕು. ಆಗ ಟೇಪು ಹಿಡಿದು ದೂರ ಅಳೆದು ಬರೆದುಕೊಳ್ಳುತ್ತಾಳೆ. ಆಮೇಲೆ ಇನ್ನೊಂದು ಕಿವಿ.

ನಮ್ಮ ಬೀದಿಯೆಲ್ಲ ಬಂದು ಕೂತಿತು, ಎಳೆಯರು, ನಡುವಯಸ್ಸಿನವರು, ಮುದುಕರು. ಒಳ್ಳೆ ನಗೆಪಾಟಲು. ಎಳೆಯರಿಗೆ ಗೋಡೆಯ ಹತ್ತಿರದಿಂದಲೇ ಕೇಳಿಸಿತು. ನನಗೆ ಗಡಿಯಾರ ಅರ್ಧ ಕೋಣೆ ದಾಟಿ ಬರಬೇಕಾಯಿತು. ಎದುರು ಮನೆಯ ಚೆಲುವಯ್ಯನಿಗಂತೂ ತನ್ನ ಕಿವಿಯ ಮೇಲೆ ಬಲು ಹೆಮ್ಮೆ. ಇವಳು ಗಡಿಯಾರ ಎತ್ತಿಕೊಳ್ಳುವ ಮೊದಲೇ ಕೈ ಎತ್ತಿದ. ಮಿತ್ರಾಳಿಗೆ ಅನುಮಾನ ಬಂದು ಗಡಿಯಾರದ ಸೆಲ್ ತೆಗೆದು ಮತ್ತೆ ಮಾಡಿದಳು. ಆಗಲೂ ಎತ್ತಿದ! ‘ಕೇಳ್ತಾ ಅದೆ ಕಣಮ್ಮಿ, ಟಿಕ್ ಟಿಕ್ ಅಂತಾದೆ’ ಎಂದು ಗಟ್ಟಿಯಾಗಿ ಹೇಳಿದ. ಪ್ರೇಮ ನಗು ತಡೆಯಲಾರದೆ ಹೊರಗೆ ಓಡಿಹೋದ.

ಆಮೇಲೆ ನಿನ್ನ ಅತ್ತೆ ಮರಿತಾಯಮ್ಮನ ಸರದಿ. ಬಲಗಿವಿ ನನ್ನದಕ್ಕಿಂತ ವಾಸಿ. ಎಡಗಿವಿಗೆ ಗಡಿಯಾರ ಹತ್ತಿರ ತಂದಳು, ಇನ್ನೂ ತಂದಳು, ಕಿವಿಗೆ ತಾಗಿಸಿಯೇ ಬಿಟ್ಟಳು. ನಿನ್ನ ಅತ್ತೆ ಕಣ್ಣು ಮುಚ್ಚಿ ಕಲ್ಲಿನ ಹಾಗೆ ಕೂತಿದ್ದಾಳೆ, ಕೈ ಮೇಲೇಳಲಿಲ್ಲ. ಮಿತ್ರಾಳ ಮುಖ ಕೆಂಪಗಾಯಿತು. ಟೇಪು ಸುತ್ತಿಟ್ಟು ಎದ್ದು ಹೋದಳು. ನಮ್ಮ ಮರಿತಾಯಮ್ಮನ ಹಟ ಊರಿಗೇ ಗೊತ್ತಿರುವ ಸಂಗತಿ, ಮೊಮ್ಮಗಳ ಆಟಕ್ಕೆ ಸೇರಲು ಮನಸ್ಸಿಲ್ಲವೇನೋ ಎಂದು ನಾನೂ ಅಂದುಕೊಂಡೆ.

ಮಿತ್ರಾ ಚೊಕ್ಕವಾಗಿ ಕೋಷ್ಟಕ ಬರೆದುಕೊಂಡು ಶಾಲೆಗೆ ಹೋದಳು. ಅವರ ವಿಜ್ಞಾನದ ಪಲ್ಲವಿ ಟೀಚರ್ ನೋಡಿ ಎರಡು ಕಡೆ ಸುತ್ತು ಹಾಕಿ ವಾಪಸ್ ಕಳಿಸಿದರು. ಸಂಜೆ ಬಂದ ಹುಡುಗಿ ಬ್ಯಾಗನ್ನು ಮೂಲೆಗೆಸೆದು ನನ್ನ ಪಕ್ಕ ಬಂದು ಕೂತಳು. ‘ತಾತ, ದತ್ತಾಂಶದ ಜಾಗದಲ್ಲಿ ಫಲಿತಾಂಶ ಬರೆದಿದ್ದೀಯ ಅಂತ ಬೈದ್ರು’ ಎಂದಳು. ಫಲಿತಾಂಶ ಎಂದರೆ ನನಗೆ ಗೊತ್ತಿರುವುದು ಎರಡೇ, ಎಸ್ಸೆಸ್ಸೆಲ್ಸಿಯದು ಮತ್ತು ಎಲೆಕ್ಷನ್ನಿನದು. ಬಿಡಿಸಿ ಹೇಳು ಎಂದೆ. ಅವಳು ಬರೆದದ್ದು ಹೀಗಿತ್ತು: ಚೆಲುವಯ್ಯನ ಹೆಸರಿನ ಮುಂದೆ ‘ಸುಳ್ಳು ಹೇಳಿದರು’. ಅಜ್ಜಿಯ ಎಡಗಿವಿಯ ಮುಂದೆ ‘ಸಹಕರಿಸಲಿಲ್ಲ’.

ಟೀಚರ್ ಕೇಳಿದರಂತೆ, ‘ಸುಳ್ಳು ಹೇಳಿದ್ದನ್ನ ನೀನು ಟೇಪಿನಲ್ಲಿ ಅಳೆದೆಯಾ? ಸೆಲ್ ಇಲ್ಲದಾಗಲೂ ಕೈ ಎತ್ತಿದರು, ಅದು ನಿನ್ನ ಕಣ್ಣಿಗೆ ಕಂಡದ್ದು, ಅಷ್ಟು ಬರಿ. ಅದು ದತ್ತಾಂಶ. ಎಲ್ಲಾ ದತ್ತಾಂಶ ಒಟ್ಟಿಗೆ ಇಟ್ಟು ನೋಡಿದಾಗ ಏನು ತಿಳಿಯುತ್ತದೋ ಅದು ಫಲಿತಾಂಶ. ನೀನು ಬರೆದದ್ದು ಎರಡೂ ಅಲ್ಲ, ನಿನ್ನ ಮನಸ್ಸಿನಲ್ಲಿ ಮೊದಲೇ ಇದ್ದದ್ದು. ಅನುಮಾನ ಬಂದರೆ ಇನ್ನೊಮ್ಮೆ ಅಳೆದು ನೋಡು, ಬೇಕಾದರೆ ಅವರನ್ನೇ ಕೇಳು.’ ಇವಳಿಗೆ ಆ ಮಾತು ಮುಳ್ಳಿನ ಹಾಗೆ ಚುಚ್ಚಿತ್ತು. ಪ್ರೇಮ ಸಮಾಧಾನ ಮಾಡಲು ಹೋಗಿ, ‘ಅವೆರಡು ಸಾಲು ಬಿಟ್ಬುಡು ಮಗಾ, ಉಳಿದೋರದ್ದು ಗ್ರಾಫ್ ಚೆಂದಾಗಿ ಬತ್ತದೆ’ ಎಂದ. ಅವಳು ಅಪ್ಪನನ್ನು ನೋಡಿದ ನೋಟ ಇದೆಯಲ್ಲ, ಥೇಟ್ ನೀನೇ. ಅವನು ಸಾರು ಕುದಿಯುತ್ತಿದೆ ಎಂದು ಒಳಗೆ ಹೋದ.

ಮಾರನೆಯ ದಿನ ಅವಳು ಚೆಲುವಯ್ಯನ ಜಗಲಿಗೆ ಹೋಗಿ ನೇರ ಕೇಳಿದಳು, ಸೆಲ್ ತೆಗೆದಿದ್ದೆ ತಾತ, ಆದರೂ ಕೈ ಎತ್ತಿದಿರಲ್ಲ ಎಂದು. ಚೆಲುವಯ್ಯ ಪೆಚ್ಚಾಗಲಿಲ್ಲ, ಆಶ್ಚರ್ಯಪಟ್ಟ. ‘ಸೆಲ್ ತೆಗ್ದಿದ್ದಾ? ಅಂಗಾರೆ ಅದು ನನ್ ಕಿವೀದೇ ಇರ್ಬೇಕು ಕಣಮ್ಮಿ. ಒಳ್ಗೆ ಯಾವಾಗ್ಲೂ ಒಂದು ಗಡಿಯಾರ ಓಡ್ತಾನೇ ಇರ್ತದೆ. ಎಲ್ರಿಗೂ ಅಂಗೇ ಅಂತ ಅನ್ಕೊಂಡಿದ್ದೆ’ ಎಂದ. ಇಷ್ಟು ವರ್ಷ ಎದುರುಬದುರು ಇದ್ದೂ ನನಗಿದು ಗೊತ್ತಿರಲಿಲ್ಲ! ಮಿತ್ರಾ ಅಲ್ಲೇ ನಿಂತು ‘ಸುಳ್ಳು’ ಎಂಬುದನ್ನು ಹೊಡೆದುಹಾಕಿದಳು. ಮನೆಗೆ ಬಂದವಳು ಸ್ವಲ್ಪ ಹೊತ್ತು ಗಡಿಯಾರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಮೇಲೆ ಹಿತ್ತಿಲಿಗೆ ಹೋದಳು. ನಾನೂ ಹಿಂದೆಯೇ ಹೋದೆ.

ನಿನ್ನ ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ಮೊಮ್ಮಗಳು ಎಡಗಡೆ ನಿಂತು ‘ಅಜ್ಜಿ’ ಎಂದಳು. ಇಲ್ಲ. ಇನ್ನೊಮ್ಮೆ ‘ಅಜ್ಜಿ’ ಎಂದಳು. ಕಾಯಿ ಸುಲಿಯುವುದು ನಡೆದೇ ಇದೆ. ಬಲಗಡೆಗೆ ಬಂದು ಅದೇ ದನಿಯಲ್ಲಿ ಕರೆದಳು. ‘ಏನ್ ಮಗಾ?’ ಎಂದು ಮುಖ ಎತ್ತಿದಳು. ಮಿತ್ರಾ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ‘ಅಜ್ಜಿ, ಈ ಕಿವಿ ಕೇಳಲ್ವಾ ನಿಂಗೆ?’ ಎಂದು ಎಡಗಿವಿಯನ್ನು ಮುಟ್ಟಿದಳು. ನಿನ್ನ ಅತ್ತೆ ನನ್ನ ಕಡೆ ಒಂದು ಸಲ ನೋಡಿದಳು, ಸಿಕ್ಕಿಬಿದ್ದವರ ಹಾಗೆ. ‘ಅದು ಓಗಿ ಬಾಳ ದಿನ ಆಯ್ತು ಕಣಮ್ಮಿ’ ಎಂದಳು. ಹೇಳಬಾರದಿತ್ತಾ ಎಂದು ನಾನು ರೇಗಿದೆ. ‘ಏಳುದ್ರೆ ಕೆವುಡಿ ಅಂತ ಎಸ್ರಿಡ್ತೀರಿ. ಆಮೇಲೆ ಯಾರೂ ನನ್ ಕುಟೆ ಒಂದ್ ಮಾತೂ ಆಡಲ್ಲ. ಈಗ್ಲೇ ಎಲ್ರೂ ಮೆತ್ತಗ್ ಮೆತ್ತಗ್ ಆಡ್ಕೋತೀರಿ, ನಂಗ್ ಕೇಳಿಸ್ಬಾರ್ದು ಅಂತ’ ಎಂದಳು. ಯಾರೂ ಮೆತ್ತಗೆ ಆಡುತ್ತಿರಲಿಲ್ಲ ವನಿತಾ. ನನ್ನ ದನಿಯಂತೂ ಇಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದದ್ದು, ಸತ್ತವರೂ ಎದ್ದು ಕೂರುತ್ತಾರೆ. ಅದಕ್ಕೇ ನನಗೆ ಯಾವತ್ತೂ ಅನುಮಾನ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಮೆತ್ತಗೆ ಮಾತಾಡುವವಳು ನೀನೊಬ್ಬಳೇ.

ಅಷ್ಟರಲ್ಲಿ ಅವಳೇ ನಿನ್ನ ಮಾತೆತ್ತಿದಳು. ‘ನನ್ ಸೊಸೇನೂ ಅಷ್ಟೇಯ. ಅಷ್ಟು ದೂರದ್ ಊರ್ಗೆ ಕೆಲ್ಸಕ್ಕೆ ಓಗೋಳು, ಓಗ್ ಬತ್ತೀನಿ ಅಂತ ಒಂದ್ ಮಾತ್ ಏಳ್ದೆ ಒಂಟೋದ್ಲು. ಆಟೋ ಸದ್ದಾಯ್ತು, ಎದ್ದು ಬಂದ್ ನೋಡುದ್ರೆ ಬಾಗ್ಲಲ್ಲಿ ಯಾರೂ ಇಲ್ಲ. ನಾನೇನ್ ಬ್ಯಾಡ ಅಂದಿದ್ನಾ?’

ನಾನು ಆ ಹೊತ್ತಿಗೆ ನಿನ್ನ ಪೆಟ್ಟಿಗೆ ಇಟ್ಟುಕೊಂಡು ಆಟೋದಲ್ಲಿ ಕೂತಿದ್ದೆ, ಒಳಗೆ ನಡೆದದ್ದು ನೋಡಿರಲಿಲ್ಲ. ನೋಡಿದವಳು ಮಿತ್ರಾ. ನಿನ್ನ ನೀರಿನ ಬಾಟಲಿ ಹಿಡಿದುಕೊಂಡು ನಿನ್ನ ಪಕ್ಕವೇ ನಿಂತಿದ್ದಳಂತೆ. ‘ಅಜ್ಜಿ, ಅಮ್ಮ ಹೇಳಿದ್ರು. ನಿನ್ ಎಡಗಡೆ ನಿಂತು ಎರಡು ಸಲ ಹೇಳಿದ್ರು. ನೀನು ರಾಗಿ ಕೇರ್ತಾ ಇದ್ದೆ, ತಿರುಗಿ ನೋಡಲೇ ಇಲ್ಲ. ಅಮ್ಮ ಕಣ್ಣೊರೆಸ್ಕೊಂಡು ಆಟೋ ಹತ್ತಿದ್ರು. ನಿಂಗೆ ಅಮ್ಮನ ಮೇಲೆ ಕೋಪ ಅಂತ ಅವತ್ತಿಂದ ನಾನು ನಿನ್ ಜೊತೆ ಸರಿಯಾಗಿ ಮಾತೇ ಆಡಿಲ್ಲ’ ಎಂದು ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು. ಈ ಹುಡುಗಿ ಆರು ತಿಂಗಳಿನಿಂದ ಅಜ್ಜಿಯ ಹತ್ತಿರ ಜಡೆ ಹಾಕಿಸಿಕೊಳ್ಳದೆ ತಾನೇ ಹೆಣೆದುಕೊಳ್ಳುತ್ತಿದ್ದದ್ದು ಯಾಕೆಂದು ನನಗೆ ಆಗ ಹೊಳೆಯಿತು. ದೊಡ್ಡವಳಾದಳು, ಅದಕ್ಕೇ ಎಂದುಕೊಂಡಿದ್ದೆ. ಮರಿತಾಯಮ್ಮ ಅವರೆಕಾಯಿಯ ಮೊರ ಪಕ್ಕಕ್ಕೆ ತಳ್ಳಿ ಮೊಮ್ಮಗಳ ತಲೆಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ‘ಎಲ್ಡ್ ಸಲ ಏಳುದ್ಲಾ? ಎಲ್ಡ್ ಸಲ ಏಳುದ್ಲಾ?’ ಎಂದು ಅದನ್ನೇ ಕೇಳುತ್ತಿದ್ದಳು. ನಾನು ನಲ್ಲಿ ನೋಡಿಬರುತ್ತೇನೆ ಎಂದು ಈಚೆಗೆ ಬಂದೆ. ನಲ್ಲಿಯಲ್ಲಿ ನೀರು ಬರುವ ದಿನ ಅದಲ್ಲ.

ನೀನು ಅವತ್ತು ಮೈಸೂರಿನ ಬಸ್ಸಿನಲ್ಲಿ ‘ಅತ್ತೆಗೆ ನಾನು ಹೋಗೋದು ಇಷ್ಟ ಇಲ್ಲ, ಮುಖಾನೂ ಕೊಡಲಿಲ್ಲ’ ಎಂದು ಪ್ರೇಮನ ಹತ್ತಿರ ಹೇಳಿದ್ದೆಯಂತೆ. ಅವನು ನನಗೆ ಹೇಳಿದ್ದ. ನಾವಿಬ್ಬರು ಗಂಡಸರು ಎರಡು ಹೆಂಗಸರ ನಡುವಿನ ಮಾತು ಎಂದು ಬಾಯಿ ಮುಚ್ಚಿಕೊಂಡಿದ್ದೆವು. ನೀನು ನೋಡಿದ್ದು ಸುಳ್ಳಲ್ಲ, ಅವಳು ತಿರುಗಲಿಲ್ಲ. ಫೋನು ಕೊಟ್ಟರೆ ಬರೀ ‘ಊಂ, ಊಂ’ ಎಂದು ವಾಪಸ್ ಕೊಡುತ್ತಿದ್ದದ್ದೂ ನಿಜ. ಬಲಗೈಯಲ್ಲಿ ಸೌಟು, ಎಡಗೈಯಲ್ಲಿ ಫೋನು, ಎಡಗಿವಿಗೆ. ಆ ಕಡೆ ಯಾರಿದ್ದಾರೆ ಎನ್ನುವುದೂ ಅವಳಿಗೆ ತಿಳಿಯುತ್ತಿರಲಿಲ್ಲ. ಇಷ್ಟನ್ನು ನಿನಗೆ ತಿಳಿಸಬೇಕೆಂದೇ ನಾನು ಹಾಳೆ ಇಸಿದುಕೊಂಡದ್ದು.

ಇನ್ನು ಕಿವಿಯ ಸಮಾಚಾರ. ಗಾಬರಿಯಾಗಬೇಡ. ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರಮ್ಮ ನೋಡಿ, ಗುಗ್ಗೆ ಕಲ್ಲಾಗಿ ಕೂತಿದೆ ಎಂದು ಔಷಧಿ ಬಿಟ್ಟು ನೆನೆಸಿ ತೆಗೆದರು. ಅದರ ಹಿಂದೆ ಕಿವಿಯ ತಮಟೆಯಲ್ಲಿ ಹಳೆಯ ತೂತೊಂದು ಇದೆಯಂತೆ, ಚಿಕ್ಕಂದಿನಲ್ಲಿ ಕಿವಿ ಸೋರಿದ್ದರಿಂದ ಆದದ್ದು. ಈಗ ಸ್ವಲ್ಪ ವಾಸಿ. ಪೂರ್ತಿ ಬರುವುದಿಲ್ಲ, ಮುಂದಿನ ತಿಂಗಳು ಕಿವಿಯ ಮಿಷಿನ್ ಹಾಕಿ ನೋಡೋಣ ಎಂದಿದ್ದಾರೆ. ಈ ‘ಸ್ವಲ್ಪ ವಾಸಿ’ಗೇ ಮನೆಯಲ್ಲಿ ನಮಗೆ ಉಳಿಗಾಲವಿಲ್ಲ. ನಾನು ಗೊರಕೆ ಹೊಡೆಯುತ್ತೇನಂತೆ. ಬಲಗಿವಿ ದಿಂಬಿಗೊತ್ತಿ ಮಲಗುವವಳಿಗೆ ನಲವತ್ತು ವರ್ಷ ಸಂಸಾರ ಮಾಡಿ ಈಗ ಗೊತ್ತಾಗಿದೆ! ಚೆಲುವಯ್ಯನನ್ನೂ ಜೊತೆಗೇ ಕರೆದುಕೊಂಡು ಹೋಗಿದ್ದೆವು. ಅವನ ಕಿವಿಯೊಳಗಿನ ಗಡಿಯಾರ ನಿಲ್ಲುವಂಥದ್ದಲ್ಲವಂತೆ, ತೊಂದರೆ ಇಲ್ಲ, ಅದರ ಪಾಡಿಗೆ ಅದು ಓಡಲಿ ಎಂದರಂತೆ. ಅವನು ಖುಷಿಯಾಗಿ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

ಮೊನ್ನೆ ಶುಕ್ರವಾರ ಪ್ರದರ್ಶನ. ಚಾರ್ಟಿನಲ್ಲಿ ಹೆಸರು ಹಾಕುತ್ತಾಳೆಂದು ನಿನ್ನ ಅತ್ತೆ ಮೊದಲು ದೊಡ್ಡ ಗಲಾಟೆ ಮಾಡಿದಳು, ‘ನನ್ ಕಿವೀನ ತಕ್ಕೊಂಡೋಗಿ ನಂಜನಗೂಡ್ನಲ್ಲಿ ನೇತಾಕ್ತೀಯಾ?’ ಎಂದು. ಅದಕ್ಕೆ ಮಿತ್ರಾ ಯಾರ ಹೆಸರನ್ನೂ ಬರೆಯದೆ ವ್ಯಕ್ತಿ ಒಂದು, ವ್ಯಕ್ತಿ ಎರಡು ಎಂದು ಹಾಕಿದಳು. ಅಜ್ಜಿ ವ್ಯಕ್ತಿ ಆರು. ಆಮೇಲೆ ಅದೇ ಅಜ್ಜಿ ಹೊಸ ಸೀರೆ ಉಟ್ಟು ನಮಗಿಂತ ಮುಂಚೆ ಬಸ್ ಸ್ಟ್ಯಾಂಡಿನಲ್ಲಿದ್ದಳು. ನಾನು ಓಡಿಸುತ್ತಿದ್ದ ರೂಟೇ ಅದು. ಡ್ರೈವರ್ ಹುಡುಗ ಗೇರ್ ಹಾಕಿದಾಗಲೆಲ್ಲ ನನ್ನ ಕಾಲು ತಾನಾಗಿ ಕ್ಲಚ್ ಒತ್ತುತ್ತಿತ್ತು.

ಅಲ್ಲಿ ರಾಕೆಟ್ಟೇನು, ಹೊಗೆ ಬಿಡುವ ಜ್ವಾಲಾಮುಖಿಯೇನು, ಕಣ್ಣು ಕೋರೈಸುತ್ತಿತ್ತು. ನಮ್ಮ ಹುಡುಗಿಯ ಮೇಜಿನ ಮೇಲೆ ಒಂದು ಗಡಿಯಾರ. ತೀರ್ಪುಗಾರರು ಬಂದು ನಿಂತರು. ನಿನ್ನ ಫಲಿತಾಂಶ ಏನಮ್ಮ ಎಂದು ಕೇಳಿದರು. ಅವಳು ಧೈರ್ಯವಾಗಿ, ‘ನಾನು ಅಳೆದವರಲ್ಲಿ ವಯಸ್ಸಾದವರಿಗೆ ಗಡಿಯಾರ ಹತ್ತಿರ ಬಂದ ಮೇಲೇ ಕೇಳಿಸಿತು ಸರ್. ಎಲ್ಲ ವಯಸ್ಸಾದವರಿಗೂ ಹಾಗೇ ಅಂತ ಹೇಳೋಕಾಗಲ್ಲ. ಅಳೆದಿದ್ದು ನಮ್ಮ ಬೀದಿಯವರನ್ನ ಮಾತ್ರ’ ಎಂದಳು. ಅವರು ತಲೆದೂಗಿ ಆರನೇ ಸಾಲಿನ ಮೇಲೆ ಬೆರಳಿಟ್ಟರು. ‘ಇಲ್ಲಿ ಎಡಗಿವಿಗೆ ಏನೂ ಕೇಳಿಲ್ಲ ಅಂತಿದೆ. ಇವರು ಬೇಕಂತಲೇ ಕೈ ಎತ್ತದೆ ಇದ್ದಿರಬಹುದಲ್ಲ? ನಿನಗೆ ಹೇಗೆ ಗೊತ್ತು?’

ಮಿತ್ರಾ ಬಾಯಿ ತೆರೆಯುವ ಮೊದಲೇ ನಿನ್ನ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ‘ಆ ಆರ್ನೇದು ನಾನೇ ಕಣ್ ಸಾ. ಬೇಕಂತ ಯಾಕ್ ಮಾಡ್ಲಿ? ಮನೇಲಿರೋರ್ಗೇ ಗೊತ್ತಿರ್ನಿಲ್ಲ, ಈ ಮಗ ಬಿಟ್ಟೂ ಬಿಡ್ದೆ ಮತ್ ಮತ್ ನೋಡಿ ಕಂಡುಡುದ್ಲು. ಬೇಕಾರೆ ನೀವೂ ಆ ಗಡಿಯಾರ ಇಡ್ದು ನೋಡಿ’ ಎಂದು ಸೆರಗು ಸರಿಸಿ ಕಿವಿ ಕೊಟ್ಟು ನಿಂತಳು. ಸುತ್ತ ಇದ್ದವರೆಲ್ಲ ಗೊಳ್ಳೆಂದರು. ತೀರ್ಪುಗಾರರೂ ನಕ್ಕು, ನಿಜವಾಗಿಯೂ ಗಡಿಯಾರ ಎತ್ತಿಕೊಂಡು ನೋಡಿದರು, ಈಗಲೂ ಕಿವಿಗೆ ತಾಗುವಷ್ಟು ಹತ್ತಿರ ಬಂದ ಮೇಲೇ ಅವಳು ಕೈ ಎತ್ತಿದ್ದು. ಆಮೇಲೆ ನೋಡಬೇಕಿತ್ತು ಮಗಳೇ, ಮಕ್ಕಳ ಜೊತೆ ಬಂದಿದ್ದ ಅಜ್ಜ ಅಜ್ಜಿಯರೆಲ್ಲ ನನ್ನದೊಂದು ನೋಡವ್ವ, ನನ್ನದೊಂದು ನೋಡವ್ವ ಎಂದು ಸಾಲು ನಿಂತರು. ಮರಿತಾಯಮ್ಮನೇ ಹತ್ತಿ ಹರಿದು ಹರಿದು ಕೊಟ್ಟಳು. ಮೊದಲ ಬಹುಮಾನ ರಾಕೆಟ್ಟಿಗೆ ಹೋಯಿತು. ನಮ್ಮದು ಮೂರನೆಯದು. ಅವತ್ತು ನದಿಯ ದಡದಲ್ಲಿ ಕೂತು ಮೂವರೂ ಚುರುಮುರಿ ತಿಂದು ಬಂದೆವು.

ಬಹಳ ಉದ್ದವಾಯಿತು. ಶಾಲೆಯ ಮಕ್ಕಳಿಗೆ ಈ ತಾತನ ಪ್ರೀತಿ ಹೇಳು. ಆರೋಗ್ಯ ನೋಡಿಕೋ, ಬಿಸಿಲಲ್ಲಿ ಬರಿತಲೆಯಲ್ಲಿ ಓಡಾಡಬೇಡ. ಬುದ್ಧಗುರುವಿನ ಕರುಣೆ ನಿನ್ನ ದಾರಿಯುದ್ದಕ್ಕೂ ತಂಪಾಗಿರಲಿ, ನಿನ್ನ ಕೈಕೆಳಗೆ ಕಲಿತ ಮಕ್ಕಳು ನಿನ್ನನ್ನು ಮೀರಿಸಲಿ.

ಹರಸುವ ನಿನ್ನ ಮಾವ,
ಚಿಕ್ಕಮಾದು

ಮರೆತಿದ್ದೆ: ಸೋಮವಾರ ಬೆಳಿಗ್ಗೆ, ಕವರ್ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಅತ್ತೆ ನಿನ್ನ ಹತ್ತಿರ ಬರುತ್ತಾಳಂತೆ. ಎರಡು ದಿನದಿಂದ ಅದೇ ಪಟ್ಟು. ಪ್ರೇಮ ಫ್ಯಾಕ್ಟರಿಯಲ್ಲಿ ರಜೆ ಹಾಕಿ, ಮೊಬೈಲಿನಲ್ಲಿ ರೈಲಿನ ಟಿಕೆಟ್ ಮಾಡಿಸಿದ್ದಾನೆ. ತಾಯಿ ಮಗ ಇಬ್ಬರೂ ಶನಿವಾರ ಹೊರಟು ಭಾನುವಾರ ಯಾದಗಿರಿ ತಲುಪುತ್ತಾರೆ, ಸ್ಟೇಷನ್ನಿಗೆ ಬಾ. ನೀನು ‘ತೊಂದರೆ ತಗೋಬೇಡಿ’ ಎನ್ನುತ್ತೀಯ ಎಂದು ಫೋನಿನಲ್ಲಿ ಹೇಳದಂತೆ ನಮ್ಮೆಲ್ಲರ ಬಾಯಿ ಕಟ್ಟಿದ್ದಾಳೆ, ಸ್ಪೀಡ್ ಪೋಸ್ಟಾದ್ದರಿಂದ ಅದಕ್ಕೆ ಮೊದಲು ಈ ಕಾಗದ ನಿನಗೆ ಸಿಗುತ್ತದೆ. ರಾಗಿಹಿಟ್ಟು, ಹುರುಳಿಕಾಳು, ಒಣಮೆಣಸಿನಕಾಯಿ, ಏನೇನೋ ಕಟ್ಟುತ್ತಿದ್ದಾಳೆ. ಎಷ್ಟು ದಿನ ಇದ್ದು ಬರುತ್ತೀಯ ಎಂದು ಕೇಳಿದೆ. ‘ಅದ ನನ್ ಸೊಸೆ ಏಳ್ತಾಳೆ, ನೀನ್ಯಾರು ಕೇಳಕೆ?’ ಎಂದಳು.